ಅಟ್ಟದ ಮೇಲಿದ್ದ ಧ್ವನಿ

ಹೋದ ವರ್ಷ ಭಾದ್ರಪದ ಮಾಸದಲ್ಲಿ ನಾನು ಬೆಳಗಾವಿಯ ಟಿಳಕವಾಡಿಯಲ್ಲಿರುವ ಒಂದು ಕಂಪ್ಯೂಟರ್ ದುರಸ್ತಿ ಅಂಗಡಿಯಲ್ಲಿ ಮುಖ್ಯ ಇಂಜಿನಿಯರ್, ಕೋಶಾಧ್ಯಕ್ಷ ಮತ್ತು ಕಸ ಗುಡಿಸುವವ, ಈ ಮೂರೂ ಹುದ್ದೆಗಳನ್ನು ಏಕಕಾಲಕ್ಕೆ ಅಲಂಕರಿಸಿದ್ದೆ. ಅಂಗಡಿ ನನ್ನದೇ ಆದ್ದರಿಂದ ನೇಮಕಾತಿಯಲ್ಲಿ ಪೈಪೋಟಿ ಇರಲಿಲ್ಲ. ಅದಕ್ಕೂ ಮೊದಲು ಒಂದು ಕಂಪನಿಯ ಸರ್ವಿಸ್ ವಿಭಾಗದಲ್ಲಿ ಸೇವೆ ಸಲ್ಲಿಸಿ, ಅಧಿಕಾರಿಗಳು ನನ್ನಿಂದಲೂ ನಾನು ಅವರಿಂದಲೂ ಬೇಸತ್ತ ಶುಭ ಮುಹೂರ್ತದಲ್ಲಿ ನಿವೃತ್ತನಾಗಿದ್ದೆ.

ಆ ತಿಂಗಳು ಊರಿನ ಮೇಲೆ ಒಂದು ದೊಡ್ಡ ಅಪ್‌ಡೇಟ್ ಇಳಿದಿತ್ತು. ಆಪರೇಟಿಂಗ್ ಸಿಸ್ಟಮ್ ಎಂಬುದು ಕಂಪ್ಯೂಟರಿನ ಮನೆ ಮಾಲೀಕ. ಉಳಿದ ಪ್ರೋಗ್ರಾಮುಗಳೆಲ್ಲ ಅದರ ಬಾಡಿಗೆದಾರರು. ಅಪ್‌ಡೇಟ್ ಎಂದರೆ, ಬಾಡಿಗೆದಾರರು ಮಲಗಿರುವಾಗಲೇ ಮಾಲೀಕ ಬಂದು ಗೋಡೆ ಕೆಡವಿ, ಬಾಗಿಲು ಬದಲಿಸಿ, ಬೆಳಿಗ್ಗೆ ನೀಲಿ ಪರದೆಯ ಮೇಲೆ ‘ನಮಸ್ಕಾರ, ಎಲ್ಲವೂ ಸಿದ್ಧವಾಗಿದೆ’ ಎಂದು ಬರೆದು ಹೋಗುವುದು. ಎಲ್ಲವೂ ಸಿದ್ಧವಾದ ಮೇಲೆ ಜನ ನನ್ನ ಅಂಗಡಿಗೆ ಬರುತ್ತಾರೆ. ಪ್ರಿಂಟರ್ ಮುನಿಸಿಕೊಂಡಿರುತ್ತದೆ, ಲೆಕ್ಕದ ಸಾಫ್ಟ್‌ವೇರ್ ಮೌನವ್ರತ ಹಿಡಿದಿರುತ್ತದೆ. ಇಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. ಆ ಕಡೆ ಒಬ್ಬ ಹೆಣ್ಣುಮಗಳು.

“ಸಾಹೇಬ್ರ, ಖಾನಾಪುರದಿಂದ ಮಾತಾಡಾಕತ್ತೇನಿ. ಅವರ ಧ್ವನಿ ಹೋಗೇತ್ರಿ.”

“ಯಾರದ್ರೀ?”

“ಅವರದ ರೀ.”

“ಅವರಂದ್ರ ಯಾರು?”

“ಅವರ ರೀ… ನಮ್ಮ ಮನ್ಯಾಗಿನವರು. ಅಭಯನ ಕಾಕಾ.”

ಗಂಡನ ಹೆಸರನ್ನು ಬಾಯಿಂದ ಹೇಳದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರ ಕಂಪ್ಯೂಟರಿನ ದೂರು ಬರೆದುಕೊಳ್ಳುವುದೆಂದರೆ ಪೊಲೀಸ್ ತನಿಖೆಗಿಂತ ಕಷ್ಟ. ನಾನು ಗಂಭೀರನಾಗಿ, “ಧ್ವನಿ ಹೋದ್ರ ಡಾಕ್ಟರ್ ಕಡೆ ಹೋಗಬೇಕ್ರಿ ವೈನಿ. ನಾ ಕಂಪ್ಯೂಟರ್ ದುರಸ್ತಿ ಮಾಡಾವ,” ಎಂದೆ.

“ಡಾಕ್ಟರು ತಗೊಂಡದ್ದು ಮೊದಲಿನ ಧ್ವನಿ ರೀ,” ಎಂದರು ಆಕೆ. “ಈಗ ಹೋಗಿದ್ದು ಕಂಪ್ಯೂಟರಿನಾಗಿಂದು.”

ನನ್ನ ಗಾಂಭೀರ್ಯ ಅಲ್ಲಿಗೆ ಮುಗಿಯಿತು. ಕುರ್ಚಿ ಎಳೆದುಕೊಂಡು ಕುಳಿತು ಪೂರ್ತಿ ಕೇಳಿಸಿಕೊಂಡೆ.

‘ಅವರ’ ಹೆಸರು ಭರಮಪ್ಪ ಎಂದು ಆಮೇಲೆ ತಿಳಿಯಿತು. ಖಾನಾಪುರದ ಪೇಟೆಯಲ್ಲಿ ತಲೆಮಾರುಗಳಿಂದ ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಗಡಿ ಇಟ್ಟುಕೊಂಡು ಬಂದ ಜೈನ ಮನೆತನ. ಅಂಗಡಿಗಿಂತ ಹೆಚ್ಚಾಗಿ ಊರು ಅವರನ್ನು ಬಲ್ಲದ್ದು ಕಂಠದಿಂದ. ಬಸದಿಯಲ್ಲಿ ಅಭಿಷೇಕ ನಡೆಯುವಾಗ ಮೊದಲ ಕಳಶ ಎತ್ತುವ ಮಾನ ಯಾರಿಗೆ ಎಂಬುದನ್ನು ಸವಾಲು ಕೂಗಿ ನಿರ್ಧರಿಸುವ ಪದ್ಧತಿ ಇದೆ. ಆ ಸವಾಲು ಕೂಗುತ್ತಿದ್ದವರು ಭರಮಪ್ಪ. ಹಿಂದಿನ ಚಳಿಗಾಲದಲ್ಲಿ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿ, ಬೆಳಗಾವಿಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂತು. ಆಪರೇಷನ್‌ಗೆ ಮೊದಲು ಮಾತಿನ ತರಬೇತಿ ಕೊಡುವ ಥೆರಪಿಸ್ಟ್ ಒಂದು ಉಪಾಯ ಹೇಳಿದ್ದರು: ದಿನಬಳಕೆಯ ಮಾತುಗಳನ್ನು ನಿಮ್ಮದೇ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಇಡಿ; ಲ್ಯಾಪ್‌ಟಾಪಿನ ಪರದೆಯಲ್ಲಿ ಪ್ರತಿ ಮಾತಿಗೂ ಒಂದು ಬಟನ್ ಇರುತ್ತದೆ; ಒತ್ತಿದರೆ ನಿಮ್ಮ ಮಾತು ನೀವೇ ಆಡಿದಂತೆ ಕೇಳುತ್ತದೆ. ಹಾಗೆ ತುಂಬಿಟ್ಟ ಧ್ವನಿ ಅಪ್‌ಡೇಟ್ ಆದ ಮರುದಿನದಿಂದ ಮಾಯವಾಗಿತ್ತು. ಪ್ರೋಗ್ರಾಮ್ ತೆರೆಯುತ್ತಿಲ್ಲ, ಮತ್ತೆ ಇನ್‌ಸ್ಟಾಲ್ ಮಾಡಹೋದರೂ ಆಗುತ್ತಿಲ್ಲ.

ಲ್ಯಾಪ್‌ಟಾಪನ್ನು ಯಾರ ಕೈಯಲ್ಲಾದರೂ ಟಿಳಕವಾಡಿಗೆ ಕಳಿಸಿ ಎಂದೆ. ಆಕೆ ಸ್ವಲ್ಪ ತಡೆದು, “ಬಸ್ಸಿನ್ಯಾಗ ಬ್ಯಾಡ ರೀ. ರಸ್ತಾ ಹೆಂಗೈತಿ ನಿಮಗ ಗೊತ್ತೈತಲ್ಲ. ಅಲುಗಾಡಿ ಒಳಗ ಉಳದದ್ದೂ ಚೆಲ್ಲಿ ಹೋದ್ರ?” ಎಂದರು.

ಡೇಟಾ ಚೆಲ್ಲುವ ಪದಾರ್ಥವಲ್ಲ ಎಂದು ನನ್ನ ವೃತ್ತಿಯಲ್ಲಿ ಎಷ್ಟೋ ಜನರಿಗೆ ವಿವರಿಸಿದ್ದೇನೆ. ಆ ದಿನ ಮಾತ್ರ, ನಾನೇ ಬರುತ್ತೇನೆ ಎಂದೆ. ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಹೆಡ್‌ಫೋನ್, ಸ್ಕ್ರೂಡ್ರೈವರ್ ಕಟ್ಟು ಚೀಲಕ್ಕೆ ಹಾಕಿ, ಶಟರ್ ಎಳೆದು, ಖಾನಾಪುರದ ಬಸ್ಸು ಹಿಡಿದೆ. ದಾರಿಯ ಕುಲುಕಾಟಕ್ಕೆ ನನ್ನೊಳಗಿನದೇ ಒಂದಷ್ಟು ಚೆಲ್ಲಿಹೋದಂತಾಗಿ, ಆಕೆಯ ವಾದದಲ್ಲಿ ತಥ್ಯವಿದೆ ಎನಿಸಿತು.

ಮನೆಯ ಪಡಸಾಲೆಯಲ್ಲಿ ಭರಮಪ್ಪನವರು ಮಂಚದ ಮೇಲೆ ನೆಟ್ಟಗೆ ಕುಳಿತಿದ್ದರು. ಕೊರಳಿಗೆ ತೆಳುವಾದ ಬಿಳಿ ಬಟ್ಟೆ, ಮಗ್ಗುಲಲ್ಲಿ ಒಂದು ಪಾಟಿ ಮತ್ತು ಬಳಪ. ಇನ್ನೊಂದು ಮಗ್ಗುಲಲ್ಲಿ ಹಿತ್ತಾಳೆಯ ತಂಬಿಗೆ. ನನ್ನನ್ನು ಕಂಡ ಕೂಡಲೇ ಚಮಚದಿಂದ ತಂಬಿಗೆಗೆ ಎರಡು ಸಲ ಬಡಿದರು. ಅಡುಗೆಮನೆಯಿಂದ “ಬಂದೆ” ಎಂಬ ಉತ್ತರ ಬಂತು.

“ಮೊದಲ ‘ಏ, ಕೇಳತೈತೇನು’ ಅಂತ ಕರೀತಿದ್ರು,” ಎಂದು ಫೋನ್ ಮಾಡಿದ್ದ ವೈನಿ, ಅಂದರೆ ಅತ್ತಿಗೆ, ನೀರು ತಂದುಕೊಡುತ್ತ ಹೇಳಿದರು. “ಈಗ ತಂಬಗಿ ಬಡೀತಾರ. ಖರೇ ಹೇಳಬೇಕಂದ್ರ ತಂಬಗೀನ ಸ್ವಲ್ಪ ಮರ್ಯಾದಿಲೆ ಕರೀತೈತಿ.”

ಭರಮಪ್ಪನವರ ಭುಜ ಅಲುಗಿತು. ಸದ್ದಿಲ್ಲದ ನಗೆ.

ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದವನು ಅವರ ಅಣ್ಣನ ಮಗ ಅಭಯ. ನಲವತ್ತರ ಆಸುಪಾಸು, ಬೆಳಗಾವಿಯಲ್ಲಿ ಸಿಮೆಂಟಿನ ವ್ಯಾಪಾರ, ರಾಮತೀರ್ಥ ನಗರದಲ್ಲಿ ಮನೆ. ರೆಕಾರ್ಡಿಂಗ್ ನಡೆದದ್ದೂ ಅವನ ಮನೆಯಲ್ಲೇ. ಈಗ ಪರ್ವಕ್ಕೆಂದು ಊರಿಗೆ ಬಂದಿದ್ದ. ಜೈನರ ಮನೆಗಳಲ್ಲಿ ಭಾದ್ರಪದದ ಹತ್ತು ದಿನ ದಶಲಕ್ಷಣ ಪರ್ವ. ದಿನಕ್ಕೊಂದು ಧರ್ಮದ ಹೆಸರು: ಕ್ಷಮೆ, ಶೌಚ, ತ್ಯಾಗ, ಹೀಗೆ. ಶೌಚದ ದಿನ ಬಂದಾಗ ಅಭಯನಿಗೆ ಭಕ್ತಿ ಉಕ್ಕಿ, ಮನೆಯ ಜೇಡರ ಬಲೆ ತೆಗೆದ ಕೈಯಿಂದಲೇ ಲ್ಯಾಪ್‌ಟಾಪನ್ನೂ ಶುದ್ಧಮಾಡಲು ಹೊರಟಿದ್ದ. ಬಹಳ ದಿನದಿಂದ ಬಾಕಿಯಿದ್ದ ಅಪ್‌ಡೇಟನ್ನು ಒತ್ತಿದ್ದು ಅವನೇ. ಶೌಚವೆಂದರೆ ಮನಸ್ಸಿನ ಶುದ್ಧಿ, ಅದರಲ್ಲಿ ಹಾರ್ಡ್‌ಡಿಸ್ಕ್ ಬರುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಬರ್ರಿ ಸರ್, ಕುಂದರ್ರಿ,” ಎಂದ. “ಕೆಲಸ ಮುಗದಂಗ ಐತಿ. ಜಾಗಾ ಕಡಿಮಿ ಅಂತ ತೋರಸಾಕತ್ತೈತಿ. ಹಳೇದೆಲ್ಲಾ ಅಳಿಸಿ ಬಿಟ್ರ ಹೊಸಾದು ಕುಂದರತೈತಿ. ಇವತ್ತ ಹೆಂಗೂ ಉತ್ತಮ ತ್ಯಾಗದ ದಿನ.”

ನಾನು ಪರದೆ ನೋಡಿದೆ. ಅಳಿಸಬೇಕಾದವುಗಳ ಪಟ್ಟಿಯಲ್ಲಿ ‘ಹಿಂದಿನ ಸಿಸ್ಟಮ್ ಫೈಲುಗಳು’ ಎಂಬಲ್ಲಿ ಗುರುತು ಹಾಕಿತ್ತು. ಅಭಯನ ತೋರುಬೆರಳು ಒಪ್ಪಿಗೆಯ ಬಟನ್ನಿನ ಮೇಲೆ ಇತ್ತು. ಅಪರಿಚಿತರ ಮನೆಯಲ್ಲಿ ಅಪರಿಚಿತನ ಮಣಿಕಟ್ಟು ಹಿಡಿಯುವುದು ಸಭ್ಯತೆಯಲ್ಲ; ಆದರೂ ಹಿಡಿದೆ.

“ತ್ಯಾಗ ಮಾಡೂದಿದ್ರ ನಿಮ್ಮದು ಏನರ ಮಾಡ್ರಿ. ಇದು ಕಾಕಾರದು.”

ಅವನು ಬೆರಳು ತೆಗೆದ. ಆಮೇಲೆ ಎಲ್ಲರಿಗೂ ಕೇಳುವಂತೆ ವಿವರಿಸಿದೆ. ಅಪ್‌ಡೇಟ್ ಬಂದಾಗ ಹೊಸ ಮಾಲೀಕನಿಗೆ ಹಿಡಿಸದ ಹಳೆಯ ಪ್ರೋಗ್ರಾಮನ್ನು ಅದು ಬೀದಿಗೆ ಎಸೆಯುವುದಿಲ್ಲ. ಮನೆ ಬದಲಿಸುವಾಗ ನಾವು ಬೇಡದ ಸಾಮಾನನ್ನು ಅಟ್ಟಕ್ಕೆ ಹಾಕುವಂತೆ, ಒಂದು ಹಳೆಯ ಫೋಲ್ಡರಿನಲ್ಲಿ ಹಾಕಿ ಇಡುತ್ತದೆ. ಕೆಲವು ದಿನ ಕಾದು, ಯಾರೂ ಕೇಳದಿದ್ದರೆ ತಾನಾಗಿಯೇ ಅಟ್ಟ ಖಾಲಿಮಾಡುತ್ತದೆ. ಈ ಮಾತಿನ ಪ್ರೋಗ್ರಾಮ್ ಹಳೆಯ ಕಾಲದ್ದು; ರೆಕಾರ್ಡ್ ಮಾಡಿದ ಧ್ವನಿಗಳನ್ನು ತನ್ನ ಕೋಣೆಯಲ್ಲೇ ಇಟ್ಟುಕೊಳ್ಳುವ ಅಭ್ಯಾಸದ್ದು. ಆದ್ದರಿಂದ ಧ್ವನಿ ಎಲ್ಲಿಯಾದರೂ ಇದ್ದರೆ ಅಟ್ಟದಲ್ಲೇ ಇರಬೇಕು. ಬೇರೆ ಎಲ್ಲಿಯಾದರೂ ಕಾಪಿ ಇದೆಯೇ ಎಂದು ಕೇಳಿದೆ.

ಅಭಯನ ಮುಖ ಸಣ್ಣದಾಯಿತು. “ಇಲ್ಲರೀ. ಇದ್ದದ್ದು ಇಷ್ಟ.”

ಪ್ರೋಗ್ರಾಮ್ ಹೋದರೆ ಇನ್ನೊಂದು ತರಬಹುದು. ಆ ಗಂಟಲಿನಿಂದ ಇನ್ನೊಂದು ಮಾತು ರೆಕಾರ್ಡ್ ಮಾಡುವುದು ಸಾಧ್ಯವಿರಲಿಲ್ಲ. ಮಂಚದ ಮೇಲೆ ಕುಳಿತವರಿಗೆ ಇದು ನಮಗಿಂತ ಮೊದಲೇ ಗೊತ್ತಿತ್ತು. ಅವರು ಪಾಟಿಯ ಮೇಲೆ ಬರೆದು ನನ್ನ ಕಡೆ ತಿರುಗಿಸಿದರು: ‘ಕ್ಷಮಾವಾಣಿಗೆ ಬೇಕು.’

ವೈನಿ ಅದನ್ನು ಬಿಡಿಸಿ ಹೇಳಿದರು. ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಅಂದು ಬಸದಿಯಲ್ಲಿ, ಬೀದಿಯಲ್ಲಿ, ಮನೆಮನೆಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಕೈಮುಗಿದು, ವರ್ಷವಿಡೀ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. “ಆಪರೇಷನ್ ಆದ ಮ್ಯಾಲೆ ಇದು ಮೊದಲನೇದು ರೀ. ಇಷ್ಟ ವರ್ಷ ಊರ ಮಂದಿಗೆ ಕೇಳೂಹಂಗ ಒದರಿದವರು. ಈಗ ಬಸದ್ಯಾಗ ಪಾಟಿ ಹಿಡಕೊಂಡ ನಿಂದರೂದಿಲ್ಲ ಅಂತಾರ. ಧ್ವನಿ ಬರಲಿಲ್ಲಂದ್ರ ಮನಿ ಬಿಟ್ಟ ಹೊರಗ ಬರೂದಿಲ್ಲಂತ.”

ಕೆಲಸ ಶುರುವಾಯಿತು. ಮೊದಲನೆಯದಾಗಿ, ನಾನು ಏನನ್ನೂ ದುರಸ್ತಿ ಮಾಡಲಿಲ್ಲ. ಹಾರ್ಡ್‌ಡಿಸ್ಕ್ ಜೋಡಿಸಿ ಅಟ್ಟವನ್ನು ಹಾಗೆಯೇ ಅದಕ್ಕೆ ಕಾಪಿ ಮಾಡಲು ಹಚ್ಚಿದೆ. ಪರದೆಯ ಮೇಲೆ ಹಸಿರು ಪಟ್ಟಿ ಹರಿಯತೊಡಗಿತು. ‘ಇನ್ನು ಐದು ನಿಮಿಷ’ ಎಂದಿತು, ಆಮೇಲೆ ‘ಎರಡು ತಾಸು’ ಎಂದಿತು, ಮತ್ತೆ ‘ಒಂದು ನಿಮಿಷ’ ಎಂದಿತು. ನಾಲ್ವರೂ ಅದನ್ನೇ ನೋಡುತ್ತ ಕುಳಿತೆವು. ಮತ ಎಣಿಕೆಯನ್ನೂ ಜನ ಇಷ್ಟು ಶ್ರದ್ಧೆಯಿಂದ ನೋಡುವುದಿಲ್ಲ.

ಕಾಪಿ ಮುಗಿದ ಮೇಲೆ ಫೋಲ್ಡರುಗಳನ್ನು ಒಂದೊಂದಾಗಿ ತೆರೆದೆ. ಅಟ್ಟ ಎಂದ ಮೇಲೆ ಏನೆಲ್ಲ ಇರುತ್ತದೋ ಎಲ್ಲವೂ ಇತ್ತು. ಮುರಿದ ಡ್ರೈವರ್‌ಗಳು, ಯಾರದೋ ಮದುವೆಯ ಫೋಟೊ, ಅಭಯ ಎಂದೋ ಬರೆದಿಟ್ಟು ಮರೆತ ಒಂದಷ್ಟು ಕಾಗದಪತ್ರ. ಎಲ್ಲಕ್ಕಿಂತ ಒಳಗಿನ ಫೋಲ್ಡರಿನಲ್ಲಿ ಸಾಲಾಗಿ ಧ್ವನಿಯ ಫೈಲುಗಳು. “ಅದಾವ್ರಿ,” ಎಂದೆ. ವೈನಿ ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದರು. ಒಲೆ ಆಗಲೇ ಆರಿತ್ತು ಎಂಬುದು ಪಡಸಾಲೆಗೆ ಕಾಣುತ್ತಿತ್ತು.

ಇನ್ನು ಇನ್‌ಸ್ಟಾಲೇಶನ್. ಇನ್‌ಸ್ಟಾಲರ್ ಓಡಿಸಿದರೆ ಅದು, ‘ಈ ಪ್ರೋಗ್ರಾಮ್ ಆಗಲೇ ಇದೆ, ಮೊದಲು ಅದನ್ನು ತೆಗೆಯಿರಿ’ ಎಂದಿತು. ತೆಗೆಯಲು ಹೋದರೆ, ‘ತೆಗೆಯಲು ಅಂಥ ಪ್ರೋಗ್ರಾಮೇ ಇಲ್ಲ’ ಎಂದಿತು. ಪಿಂಚಣಿದಾರನೊಬ್ಬ ಕಚೇರಿಯ ಒಂದು ಮೇಜಿನಲ್ಲಿ ಬದುಕಿದ್ದು, ಮುಂದಿನ ಮೇಜಿನಲ್ಲಿ ತೀರಿಹೋಗಿರುವ ಸ್ಥಿತಿ ಇದು. ಕಾರಣ ಸರಳ: ಸಾಮಾನು ಅಟ್ಟಕ್ಕೆ ಹೋದರೂ ರಿಜಿಸ್ಟ್ರಿ ಎಂಬ ಸಿಸ್ಟಮ್ಮಿನ ದಾಖಲೆಯಲ್ಲಿ ಬಾಡಿಗೆದಾರನ ಹೆಸರು ಹಾಗೇ ಉಳಿದಿತ್ತು. ಆ ದಾಖಲೆಯ ಕಾಪಿ ಇಟ್ಟುಕೊಂಡು ಹಳೆಯ ನಮೂದನ್ನು ತೆಗೆದೆ. ಈಗ ಇನ್‌ಸ್ಟಾಲರ್ ಅರ್ಧ ದಾರಿ ಹೋಗಿ ಮತ್ತೆ ನಿಂತಿತು. ಅದಕ್ಕೆ ಬೇಕಾದ ಹಳೆಯ ರನ್‌ಟೈಮ್, ಅಂದರೆ ಪ್ರೋಗ್ರಾಮ್ ನಡೆಯಲು ಊರುಗೋಲಾಗುವ ಒಂದು ಭಾಗ, ಹೊಸ ಸಿಸ್ಟಮ್ಮಿನಲ್ಲಿ ಇರಲಿಲ್ಲ. ಅದನ್ನು ಬೇರೆಯಾಗಿ ಹಾಕಿದೆ. ಕೊನೆಗೆ, ಹೊಸ ಮಾಲೀಕ ಕೈಹಾಕಲು ಬಿಡದ ಜಾಗದ ಬದಲು ಬೇರೆ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಿ, ಧ್ವನಿಗಳನ್ನು ಅಲ್ಲಿಗೆ ತಂದು, ಅವು ಎಲ್ಲಿವೆ ಎಂದು ಪ್ರೋಗ್ರಾಮಿಗೆ ಹೊಸ ದಾರಿ ತೋರಿಸಿದೆ.

ಇಷ್ಟರಲ್ಲಿ ಹೊತ್ತು ಇಳಿದಿತ್ತು. ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ವೈನಿಗೆ ಪರ್ವದ ಏಕಾಶನ, ದಿನಕ್ಕೆ ಒಂದೇ ಹೊತ್ತಿನ ಊಟ. ಅದು ಆಗಲೇ ಮುಗಿದಿತ್ತು. ಆದರೂ ನನಗೆ ಬಡಿಸಿದರು. ಉಳ್ಳಾಗಡ್ಡಿಯಿಲ್ಲ, ಬಟಾಟಿಯಿಲ್ಲ, ಇವಿಲ್ಲದೆ ಅಡುಗೆ ಇಷ್ಟು ರುಚಿಯಾಗಬಹುದೆಂದು ವಿಭೂತಿ ಹಚ್ಚುವ ನಮ್ಮ ಮನೆಯಲ್ಲಿ ಹೇಳಿದರೆ ನಂಬುವವರಿಲ್ಲ. ನಾನು ಪರದೆ ನೋಡುತ್ತ ಕೂತರೆ ಆಕೆ, “ಮೊದಲ ಉಣ್ರಿ. ಅದು ನಿಮ್ಮನ್ನ ಬಿಟ್ಟ ಓಡಿ ಹೋಗೂದಿಲ್ಲ, ಸೂರ್ಯ ಹೋಗತಾನ,” ಎಂದರು.

ಉಂಡು ಕೈತೊಳೆದು ಬಂದು ಪರೀಕ್ಷೆಗೆ ಕುಳಿತೆ. ಪರದೆಯ ತುಂಬ ಬಟನ್‌ಗಳು. ಮೊದಲನೆಯದನ್ನು ಒತ್ತಿದೆ.

“ಚಹಾ ಕೊಡ್ರಿ ಸ್ವಲ್ಪ.”

ಆ ಪುಟ್ಟ ಸ್ಪೀಕರಿನಿಂದ ಬಂದ ಕಂಠ ಪಡಸಾಲೆಯ ತೊಲೆಗೆ ತಾಗಿದಂತಾಯಿತು. ಭರಮಪ್ಪನವರು ಕಣ್ಣು ಮುಚ್ಚಿದರು. ನಾನು ಮುಂದುವರಿದೆ. “ಕರೆಂಟ್ ಹೋತು.” “ಅಭ್ಯಾ, ಗಾಡಿ ಸಾವಕಾಶ ಹೊಡಿ.” “ತಲಿ ತಿನ್ನಬ್ಯಾಡ್ರಿ.” ಇದನ್ನು ಅವರು ಯಾರಿಗಾಗಿ ರೆಕಾರ್ಡ್ ಮಾಡಿದ್ದರೋ ಕೇಳಲಿಲ್ಲ. ಆಮೇಲಿನ ಬಟನ್ನಿನಲ್ಲಿ ಒಂದು ಸವಾಲೇ ಇತ್ತು: “ಮೊದಲನೇ ಕಳಶ! ಒಂದ್ ಸಲ… ಎರಡ್ ಸಲ…” ಪಕ್ಕದ ಮನೆಯ ಕಿಟಕಿಯಿಂದ ಒಬ್ಬ ಮುದುಕಿ ತಲೆ ಹೊರಹಾಕಿ, “ಭರಮಣ್ಣಾಗ ಧ್ವನಿ ಬಂತೇನ ಬೇ?” ಎಂದು ಕೇಳಿದಳು. “ಬಂತ್ರಿ ಆಯಿ, ಅಟ್ಟದಾಗ ಇತ್ತು,” ಎಂದು ಅಭಯ ಕೂಗಿದ. ‘ಕ್ಷಮಾವಾಣಿ’ ಎಂದು ಬರೆದ ಬಟನ್ ಒತ್ತಿದೆ. “ಎಲ್ಲಾರೂ ಕ್ಷಮಾ ಮಾಡ್ರಿ, ಎಲ್ಲಾರಿಗೂ ಕ್ಷಮಾ ಐತಿ.” ಸ್ಪಷ್ಟವಾಗಿತ್ತು.

ಕೊನೆಯ ಸಾಲಿನಲ್ಲಿ ಒಂದು ಬಟನ್ ಇತ್ತು. ಅದರ ಮೇಲೆ ಏನೂ ಬರೆದಿರಲಿಲ್ಲ. ಒತ್ತಲು ಹೋದಾಗ ಭರಮಪ್ಪನವರು ನನ್ನ ಕೈ ಹಿಡಿದರು. ಬೆಳಿಗ್ಗೆ ನಾನು ಅಭಯನ ಕೈ ಹಿಡಿದದ್ದಕ್ಕಿಂತ ಗಟ್ಟಿಯಾಗಿ. ತಲೆ ಅಡ್ಡ ಆಡಿಸಿದರು.

“ಅದೊಂದು ರೆಕಾರ್ಡ್ ಮಾಡುವಾಗ ನನ್ನ ಹೊರಗ ಹಾಕಿದ್ರು,” ಎಂದ ಅಭಯ. “ಏನೈತೋ ಯಾರಿಗೂ ಗೊತ್ತಿಲ್ಲ.”

ನನ್ನ ವೃತ್ತಿಯಲ್ಲಿ ಪರೀಕ್ಷಿಸದ್ದನ್ನು ದುರಸ್ತಿಯಾಯಿತು ಎನ್ನುವಂತಿಲ್ಲ. ಹಾಗೆಂದು ಇನ್ನೊಬ್ಬರ ಗುಟ್ಟಿಗೆ ಕಿವಿಗೊಡುವುದೂ ಸರಿಯಲ್ಲ. ಈ ಧರ್ಮಸಂಕಟಕ್ಕೆ ಹೆಡ್‌ಫೋನ್ ಪರಿಹಾರವಾಗಿ ಕಂಡಿತು. ನನ್ನ ಹೆಡ್‌ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಅವರ ಕಿವಿಗೆ ಇಟ್ಟೆ. “ಅಣ್ಣಾರ, ನೀವ ಒತ್ತಿ ನೀವ ಕೇಳ್ರಿ. ನಾವು ಹೊರಗ ಇರ್ತೇವಿ. ಸರಿ ಇದ್ರ ಗೋಣು ಹಾಕ್ರಿ ಸಾಕು.” ಅಭಯನನ್ನು ಕರೆದುಕೊಂಡು ಹೊರಗಿನ ಕಟ್ಟೆಗೆ ಹೋದೆ.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಬೇಕು. ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವು ಯಂತ್ರಗಳಲ್ಲಿ ಧ್ವನಿಯ ದಾರಿ ತಪ್ಪುತ್ತದೆ. ಹೆಡ್‌ಫೋನ್ ಚುಚ್ಚಿದ್ದರೂ ಅದು ಸಿಸ್ಟಮ್ಮಿನ ಗಮನಕ್ಕೆ ಬರುವುದಿಲ್ಲ. ಧ್ವನಿ ಸ್ಪೀಕರಿನಿಂದಲೇ ಹೊರಡುತ್ತದೆ. ಇದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ದೋಷ. ನನಗೂ ಗೊತ್ತಿತ್ತು. ನೆನಪಾದದ್ದು ಮಾತ್ರ ಕಟ್ಟೆಯ ಮೇಲೆ ಕುಳಿತ ಬಳಿಕ, ಮನೆಯೊಳಗಿನಿಂದ ಆ ಕಂಠ ಬೀದಿಗೆ ಕೇಳುವಂತೆ ಹೊರಟಾಗ.

“ಪದ್ಮಾವತಿ.”

ನಡುವೆ ಸ್ವಲ್ಪ ಮೌನ. ರೆಕಾರ್ಡ್ ಮಾಡುವಾಗ ತಡೆದಿರಬೇಕು. ಸವಾಲಿನ ಗತ್ತು ಅದರಲ್ಲಿ ಇರಲಿಲ್ಲ.

“ಪದ್ಮಾವತಿ, ಬಾಳ ಜೀವಾ ತಿಂದೇನಿ. ಕ್ಷಮಾ ಮಾಡು.”

ಅಡುಗೆಮನೆಯಲ್ಲಿ ಒಂದು ಪಾತ್ರೆ ಕೆಳಗೆ ಬಿತ್ತು. ನಾವಿಬ್ಬರೂ ಎದ್ದು ಬಾಗಿಲಲ್ಲಿ ನಿಂತೆವು. ವೈನಿ ಒದ್ದೆ ಕೈಯಲ್ಲೇ ಪಡಸಾಲೆಗೆ ಬಂದಿದ್ದರು. “ಯಾರ ಕರದ್ರು?” ಎಂದು ಆಚೀಚೆ ನೋಡಿದರು. ಆ ಮನೆಯಲ್ಲಿ ಆಕೆಯನ್ನು ಹಾಗೆ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ.

ಭರಮಪ್ಪನವರು ಆಕೆಯ ಕಡೆಗೆ ಬೆನ್ನು ಮಾಡಿ ಕುಳಿತಿದ್ದರು. ಕಿವಿಯ ಮೇಲೆ ನನ್ನ ದಪ್ಪ ಹೆಡ್‌ಫೋನ್. ಎದುರಿನ ಸ್ಪೀಕರಿನ ಸದ್ದನ್ನು ಹೆಡ್‌ಫೋನಿನದೇ ಎಂದುಕೊಂಡಿದ್ದರಿಂದ, ಓಣಿಗೆಲ್ಲ ಕೇಳಿಸಿದ್ದು ಅವರಿಗೆ ಮಾತ್ರ ತಿಳಿದಿರಲಿಲ್ಲ. ನನ್ನನ್ನು ಬಾಗಿಲಲ್ಲಿ ಕಂಡು, ಧ್ವನಿ ಸರಿಯಾಗಿದೆ ಎಂದು ಬಹಳ ಸಮಾಧಾನದಿಂದ ಗೋಣು ಹಾಕಿದರು.

ನಾನು ಅವರ ಹಿಂದೆ ಬೆರಳು ತೋರಿಸಿದೆ. ತಿರುಗಿದರು. ಹೆಡ್‌ಫೋನ್ ಮೆಲ್ಲಗೆ ಕೊರಳಿಗೆ ಇಳಿಯಿತು.

“ಇಷ್ಟ ವರ್ಷ ಏ ಅಂತ ಕರದು,” ಎಂದರು ವೈನಿ, “ಗಂಟಲಾ ಕೊಯ್ಯೂ ಹೊತ್ತಿಗೆ ಹೆಸರು ನೆನಪಾತೇನ್ರೀ?”

ಭರಮಪ್ಪ ಪಾಟಿಗೆ ಕೈಹಾಕಿದರು. ಬಳಪ ಸಿಗಲಿಲ್ಲ. ಎರಡೂ ಕೈ ಜೋಡಿಸಿ ಎತ್ತಿದರು. ಆಕೆ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು.

“ಈಗ ಬ್ಯಾಡ. ಕ್ಷಮಾ ಕ್ಷಮಾವಾಣಿ ದಿನಾ ಕೊಡತೇನಿ, ಅದಕ್ಕ ಇನ್ನೂ ಟಾಯಿಮ್ ಐತಿ.” ಮಂಚದ ಅಂಚಿಗೆ ಕುಳಿತು ಪರದೆಯ ಕಡೆ ನೋಡಿದರು. “ಹೆಸರಿನಷ್ಟ ಇನ್ನೊಮ್ಮೆ ಒತ್ತ್ರಿ.”

ಅವರು ಒತ್ತಿ, ಹೆಸರು ಮುಗಿದ ಕೂಡಲೇ ನಿಲ್ಲಿಸಿದರು. ನಾನೂ ಅಭಯನೂ ಕಟ್ಟೆಗೆ ವಾಪಸಾದೆವು. ಅಭಯ ಸಿಮೆಂಟಿನ ದರದ ಬಗ್ಗೆ ಏನೋ ಹೇಳತೊಡಗಿ ನಡುವೆಯೇ ನಿಲ್ಲಿಸಿದ. ಒಳಗಿನಿಂದ ಹೆಸರು ಮತ್ತೊಮ್ಮೆ ಕೇಳಿತು, ಮತ್ತೊಮ್ಮೆ.

ಹೊರಡುವ ಮುನ್ನ ಎಲ್ಲ ಧ್ವನಿಗಳ ಕಾಪಿಯನ್ನು ಒಂದು ಪೆನ್‌ಡ್ರೈವಿಗೆ, ಅಭಯನ ಫೋನಿಗೆ, ವೈನಿಯ ಫೋನಿಗೆ ಹಾಕಿದೆ. ಹಾರ್ಡ್‌ಡಿಸ್ಕಿನಲ್ಲಿರುವ ಒಂದು ಕಾಪಿ ಈಗಲೂ ನನ್ನ ಅಂಗಡಿಯಲ್ಲಿದೆ. ಇನ್ನು ಉಳಿದದ್ದು ಹೆಡ್‌ಫೋನಿನ ದೋಷ. ಅದನ್ನು ಸರಿಪಡಿಸಲು ಎರಡು ಕ್ಲಿಕ್ ಸಾಕು. ಪ್ರಾಮಾಣಿಕ ಇಂಜಿನಿಯರ್ ಆಗಿ ವೈನಿಗೆ ಅದನ್ನು ತಿಳಿಸಿದೆ. “ಹೆಡ್‌ಫೋನ್ ಹಾಕಿದ್ರ ಅವರೊಬ್ಬರಿಗೇ ಕೇಳೂಹಂಗ ಮಾಡಿಕೊಡಲೇನ್ರೀ?”

“ಏನ ಬ್ಯಾಡ್ರಿ,” ಎಂದರು. “ಹಿಂಗ ಇರಲಿ.”

ಕ್ಷಮಾವಾಣಿಯ ದಿನ ನನ್ನ ಅಂಗಡಿಗೆ ಖಾನಾಪುರದಿಂದ ಫೋನ್ ಬಂತು. “ಎಲ್ಲಾರೂ ಕ್ಷಮಾ ಮಾಡ್ರಿ, ಎಲ್ಲಾರಿಗೂ ಕ್ಷಮಾ ಐತಿ,” ಎಂದಿತು ಆ ಕಂಠ. ಹಿಂದೆ ಬಸದಿಯ ಗಂಟೆ, ಜನರ ಗದ್ದಲ. ಅಂದರೆ ಅವರು ಮನೆ ಬಿಟ್ಟು ಹೊರಗೆ ಬಂದಿದ್ದರು. ನಾನೂ ಎದ್ದು ನಿಂತು, ಫೋನಿಗೆ ಕಾಣದಿದ್ದರೂ ಕೈಮುಗಿದೆ. ಅಂಗಡಿಯಲ್ಲಿದ್ದ ಗಿರಾಕಿ ತನ್ನ ಪ್ರಿಂಟರಿಗೆ ಏನಾಯಿತೋ ಎಂದು ಗಾಬರಿಯಾದ.

ಈ ಕೆಲಸದಿಂದ ನಾನು ಕಲಿತದ್ದು ಎರಡು. ಮೊದಲನೆಯದು, ‘ಹಳೆಯದನ್ನು ತೆಗೆಯಿರಿ’ ಎಂದು ಯಂತ್ರ ಎಷ್ಟೇ ವಿನಯದಿಂದ ಕೇಳಿದರೂ, ಅಟ್ಟಕ್ಕೆ ಹತ್ತಿ ನೋಡಿ ಕಾಪಿ ಮಾಡಿಕೊಂಡ ನಂತರವೇ ಒಪ್ಪಿಗೆ ಒತ್ತಬೇಕು. ಇದನ್ನು ನನ್ನ ಅಂಗಡಿಗೆ ಬರುವ ಎಲ್ಲರಿಗೂ ಹೇಳುತ್ತೇನೆ. ಎರಡನೆಯದನ್ನು ಯಾರಿಗೂ ಹೇಳುವುದಿಲ್ಲ, ವ್ಯಾಪಾರಕ್ಕೆ ಒಳ್ಳೆಯದಲ್ಲ: ಕೆಲವು ದೋಷಗಳನ್ನು ಕಂಡುಹಿಡಿದ ಮೇಲೆ, ಮನೆಯವರನ್ನು ಕೇಳಿ, ಹಾಗೆಯೇ ಬಿಟ್ಟು ಬರಬೇಕು.